ವಿಷಕ್ಕೊಂದು ವಿಳಾಸ

ಮನೆಯಲ್ಲಿ ಯಾರಾದರೂ ಬಿಪಿ ಮಾತ್ರೆ ನುಂಗುತ್ತಿದ್ದರೆ ಆ ಸ್ಟ್ರಿಪ್ಪನ್ನು ಒಮ್ಮೆ ತಿರುಗಿಸಿ ನೋಡಿ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವ ಹೆಸರೇನಾದರೂ ಕಂಡರೆ, ಆ ಮಾತ್ರೆಯ ವಂಶದ ಮೂಲ ಬ್ರೆಜಿಲ್‌ನ ಒಂದು ಹಾವಿನಲ್ಲಿದೆ. ಅದರ ಹೆಸರು ಜರರಾಕ. ನಮ್ಮ ಮಂಡಲದ ಹಾವುಗಳಿಗೆ ದೂರದ ಸಂಬಂಧಿ. ಅದರ ವಿಷ ಮೈಗೆ ಸೇರಿದರೆ ರಕ್ತದೊತ್ತಡ ಸರ್ರನೆ ಇಳಿಯುತ್ತದೆ.

ಸಾವೊ ಪೌಲೊದಲ್ಲಿ 1948ರಲ್ಲಿ ಮೌರಿಸಿಯೊ ರೋಷಾ ಎ ಸಿಲ್ವಾ ಮತ್ತು ಸಂಗಡಿಗರು ಈ ವಿಷವನ್ನು ನಾಯಿಯ ರಕ್ತಕ್ಕೆ ಸೇರಿಸಿ ನೋಡಿದರು. ರಕ್ತನಾಳಗಳನ್ನು ಹಿಗ್ಗಿಸುವ ಒಂದು ವಸ್ತು ಅಲ್ಲಿ ಹುಟ್ಟಿಕೊಂಡಿತು. ಅದಕ್ಕೆ ಬ್ರ್ಯಾಡಿಕೈನಿನ್ ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಅವರ ಶಿಷ್ಯ ಸೆರ್ಜಿಯೊ ಫೆರೇರಾ ಇನ್ನೊಂದು ವಿಷಯ ಕಂಡುಕೊಂಡರು. ಅದೇ ವಿಷದಲ್ಲಿ ಕೆಲವು ಪುಟ್ಟ ಪೆಪ್ಟೈಡ್‌ಗಳಿವೆ. ಬ್ರ್ಯಾಡಿಕೈನಿನ್ ಬೇಗ ಒಡೆದುಹೋಗದಂತೆ ಅವು ತಡೆಯುತ್ತವೆ. (ಅಮೈನೋ ಆಮ್ಲಗಳ ಗಿಡ್ಡ ಸರಪಳಿಗೆ ಪೆಪ್ಟೈಡ್ ಎನ್ನುತ್ತಾರೆ. ಸರಪಳಿ ಉದ್ದವಾದರೆ ಅದೇ ಪ್ರೋಟೀನ್.) ಫೆರೇರಾ ಇದನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಗೊತ್ತಾಗಿದ್ದು ಇಷ್ಟು: ಬ್ರ್ಯಾಡಿಕೈನಿನ್ ಅನ್ನು ಒಡೆಯುವ ಕಿಣ್ವವೇ ರಕ್ತನಾಳಗಳನ್ನು ಬಿಗಿ ಮಾಡುವ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ. ಆ ಒಂದು ಕಿಣ್ವವನ್ನು ಕಟ್ಟಿಹಾಕಿದರೆ ಬಿಪಿ ಇಳಿಯುತ್ತದೆ. ಹಾವು ಈ ಗುಟ್ಟನ್ನು ಲಕ್ಷಾಂತರ ವರ್ಷಗಳಿಂದ ಬಳಸುತ್ತಿತ್ತು.

ವಿಷದ ಪೆಪ್ಟೈಡನ್ನು ಇಂಜೆಕ್ಷನ್ ಆಗಿ ಕೊಟ್ಟಾಗ ರೋಗಿಗಳ ಬಿಪಿ ನಿಜವಾಗಿಯೂ ಇಳಿಯಿತು. ಆದರೆ ಬಿಪಿ ಜೀವನಪೂರ್ತಿ ಇರುವ ಕಾಯಿಲೆ. ದಿನಾ ಇಂಜೆಕ್ಷನ್ ಚುಚ್ಚಿಸಿಕೊಳ್ಳೋದು ಯಾರಿಂದ ಸಾಧ್ಯ? ಬಾಯಿಂದ ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನ ಹಾಗೆ ಅರಗಿಸಿಬಿಡುತ್ತದೆ. ಅಮೆರಿಕದ ಸ್ಕ್ವಿಬ್ ಔಷಧ ಕಂಪನಿಯ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ಬೇರೆ ದಾರಿ ಹಿಡಿದರು. ಪೆಪ್ಟೈಡ್ ಆ ಕಿಣ್ವದೊಳಗೆ ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿ, ಅದೇ ಕೆಲಸ ಮಾಡುವ, ಹೊಟ್ಟೆಯಲ್ಲಿ ಕರಗಿ ಹಾಳಾಗದ ಪುಟ್ಟ ಅಣುವೊಂದನ್ನು 1975ರಲ್ಲಿ ತಯಾರಿಸಿದರು. ಅದೇ ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ‘ಪ್ರಿಲ್’ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಬಿಡದೆ ಒಣ ಕೆಮ್ಮು ಬರುತ್ತದೆ. ಅದೂ ಬ್ರ್ಯಾಡಿಕೈನಿನ್ ಹೆಚ್ಚಾಗುವುದರಿಂದಲೇ ಎಂದು ವೈದ್ಯರು ಹೇಳುತ್ತಾರೆ. ಹಾಗೆ ಕೆಮ್ಮು ಬಂದರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ. ಡಾಕ್ಟರಿಗೆ ಹೇಳಿದರೆ ಬೇರೆ ಗುಂಪಿನ ಮಾತ್ರೆ ಕೊಡುತ್ತಾರೆ.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ವಿಷದಲ್ಲಿ ಔಷಧ ಸಿಕ್ಕೀತೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ನಾಲ್ಕು ದಶಕ ದಾಟಿದೆ. ಈಗ ಕಾಡುತ್ತಿರುವ ಪ್ರಶ್ನೆ ಬೇರೆ. ವಿಷದ ಅಣುವನ್ನು ದೇಹದಲ್ಲಿ ಬೇಕಾದ ಜಾಗಕ್ಕೆ ಹೇಗೆ ತಲುಪಿಸೋದು, ಬೇಡದ ಜಾಗ ಮುಟ್ಟದಂತೆ ಹೇಗೆ ತಡೆಯೋದು? ನ್ಯಾನೋ ತಂತ್ರಜ್ಞಾನ ಈ ಕಥೆಯೊಳಗೆ ಬರುವುದು ಇಲ್ಲೇ.

ಒಂದು ಹನಿಯಲ್ಲಿ ಏನೇನಿದೆ

ಹಾವಿನ ವಿಷ ಎಂದರೆ ಒಂದೇ ವಸ್ತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದರಲ್ಲಿ ಹತ್ತಾರು ಪ್ರೋಟೀನುಗಳು, ಪೆಪ್ಟೈಡ್‌ಗಳು ಇರುತ್ತವೆ. ಕೆಲವು ನರವನ್ನು ಹಿಡಿಯುತ್ತವೆ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತವೆ. ಕೆಲವು ಮಾಂಸವನ್ನೇ ಕೊಳೆಸುತ್ತವೆ. ನಮ್ಮ ಸಾರಿನ ಪುಡಿಯ ಹಾಗೆ ಸಾಮಾನು ಹೆಚ್ಚುಕಡಿಮೆ ಅದೇ, ಆದರೆ ಅಳತೆ ಮನೆಮನೆಗೆ ಬೇರೆ. ಒಂದೇ ಜಾತಿಯ ನಾಗರಹಾವಾದರೂ ಒಂದು ಊರಿನದರ ವಿಷಕ್ಕೂ ಇನ್ನೊಂದು ಊರಿನದರ ವಿಷಕ್ಕೂ ವ್ಯತ್ಯಾಸ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಇದನ್ನೇ ವರ್ಷಗಳಿಂದ ಅಳೆಯುತ್ತಿದೆ.

ಔಷಧ ಹುಡುಕುವವರಿಗೆ ಈ ಮಿಶ್ರಣದ ಒಂದೊಂದು ಸಾಮಾನೂ ಮುಖ್ಯ. ಯಾಕೆಂದರೆ ಪ್ರತಿಯೊಂದೂ ಒಂದು ಗುರಿಗೆ ತಕ್ಕಂತೆ ಪಳಗಿದ್ದು. ಬೇಟೆ ಓಡಿಹೋಗುವ ಮೊದಲೇ ವಿಷ ಕೆಲಸ ಮಾಡಬೇಕು. ಆದ್ದರಿಂದ ಅದರ ಅಣು ತಪ್ಪದೆ ಗುರಿಗೆ ಅಂಟಬೇಕು, ಬೇಗ ಅಂಟಬೇಕು, ಚೂರೇ ಚೂರು ಇದ್ದರೂ ಸಾಕಾಗಬೇಕು. ಒಳ್ಳೆಯ ಔಷಧಕ್ಕೂ ಬೇಕಾದ ಗುಣಗಳು ಇವೇ ಅಲ್ವಾ?

ಗರಗಸ ಮಂಡಲವನ್ನು ನೋಡಿ. ಕರ್ನಾಟಕದ ಒಣ ಸೀಮೆಗಳಲ್ಲಿ ಕಲ್ಲು ಸಂದಿಯಲ್ಲಿರುವ ಪುಟ್ಟ ಹಾವು. ಮೈಯ ಹುರುಪೆಗಳನ್ನು ಉಜ್ಜಿ ಗರಗರ ಸದ್ದು ಮಾಡುತ್ತದೆ. ಅದರ ವಿಷದಲ್ಲಿ ಎಕಿಸ್ಟಾಟಿನ್ ಎಂಬ ಪ್ರೋಟೀನ್ ಇದೆ. ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಕಡಿತಕ್ಕೆ ಸಿಕ್ಕವರಲ್ಲಿ ರಕ್ತ ನಿಲ್ಲದಿರುವುದಕ್ಕೆ ಇಂಥ ಪ್ರೋಟೀನುಗಳೂ ಒಂದು ಕಾರಣ. ಆದರೆ ಹೃದಯಾಘಾತವಾದಾಗ ಪ್ಲೇಟ್‌ಲೆಟ್ ಅಂಟಿಕೊಳ್ಳುವುದೇ ತೊಂದರೆ. ಎಕಿಸ್ಟಾಟಿನ್ ಪ್ಲೇಟ್‌ಲೆಟ್ಟಿಗೆ ಅಂಟುವ ಭಾಗವನ್ನು ಅನುಕರಿಸಿ ಟಿರೊಫಿಬಾನ್ ಎಂಬ ಔಷಧ ಮಾಡಿದರು. 1998ರಲ್ಲಿ ಅದು ಬಂತು. ಅದೇ ವರ್ಷ ಅಮೆರಿಕದ ಪುಟ್ಟ ಬುಡುಬುಡಿಕೆ ಹಾವಿನ ವಿಷದ ಮಾದರಿಯಲ್ಲಿ ಎಪ್ಟಿಫಿಬಟೈಡ್ ಕೂಡ ಬಂತು. ನಮ್ಮ ಹೊಲದ ಬದುವಿನಲ್ಲಿ ಜೀವ ತೆಗೆಯುವ ಹಾವಿನ ಪಾಠ ಹೃದ್ರೋಗ ಆಸ್ಪತ್ರೆಯಲ್ಲಿ ಜೀವ ಉಳಿಸುತ್ತಿದೆ.

ಕೊಳಕು ಮಂಡಲದ ವಿಷವೂ ಆಸ್ಪತ್ರೆಯೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ರಕ್ತ ಬೇಗ ಹೆಪ್ಪುಗಟ್ಟುವ ಒಂದು ಬಗೆಯ ಕಾಯಿಲೆಯನ್ನು ಪತ್ತೆಹಚ್ಚಲು ಲ್ಯಾಬ್‌ಗಳಲ್ಲಿ ಈ ವಿಷವನ್ನು ತೆಳು ಮಾಡಿ ರಕ್ತದ ಮಾದರಿಗೆ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತಾರೆ. ಮತ್ತೆ ಮತ್ತೆ ಗರ್ಭಪಾತ ಆಗುವವರಿಗೆ ಬರೆದುಕೊಡುವ ಪರೀಕ್ಷೆಗಳಲ್ಲಿ ಇದೂ ಒಂದು.

ಔಷಧ ಇದೆ, ದಾರಿ ಇಲ್ಲ

ಕ್ಯಾಪ್ಟೊಪ್ರಿಲ್ ಅದೃಷ್ಟದ ಕಥೆ. ಪೆಪ್ಟೈಡನ್ನು ಪಕ್ಕಕ್ಕಿಟ್ಟು ಅದರ ನಕಲನ್ನು ಸಣ್ಣ ಅಣುವಾಗಿ ಮಾಡಲು ಅಲ್ಲಿ ಸಾಧ್ಯವಾಯಿತು. ಎಲ್ಲ ವಿಷಕ್ಕೂ ಹಾಗಾಗುವುದಿಲ್ಲ.

ಸಮುದ್ರದಲ್ಲಿ ಶಂಕುವಿನಾಕಾರದ ಚಿಪ್ಪಿನ ಬಸವನಹುಳುಗಳಿವೆ. ಚಿಪ್ಪು ನೋಡಲು ಬಹಳ ಚೆಂದ. ಆದರೆ ಒಳಗಿನ ಪ್ರಾಣಿ ಈಟಿಯಂಥ ಹಲ್ಲಿನಿಂದ ಮೀನಿಗೆ ಚುಚ್ಚಿ, ಕ್ಷಣದಲ್ಲಿ ಅದನ್ನು ಮರಗಟ್ಟಿಸಿ ನುಂಗುತ್ತದೆ. ಫಿಲಿಪ್ಪೀನ್ಸ್‌ನ ಬಾಲ್ಡೊಮೆರೊ ಒಲಿವೆರಾ ಅಮೆರಿಕದಲ್ಲಿ ಡಿಎನ್‌ಎ ಮೇಲೆ ಕೆಲಸ ಕಲಿತು ಊರಿಗೆ ಮರಳಿದಾಗ, ಅಲ್ಲಿ ಅದಕ್ಕೆ ಬೇಕಾದ ಉಪಕರಣಗಳೇ ಇರಲಿಲ್ಲ. ಸುತ್ತಲ ಸಮುದ್ರದಲ್ಲಿ ಧಾರಾಳವಾಗಿ ಸಿಗುತ್ತಿದ್ದ ಈ ಬಸವನಹುಳುವಿನ ವಿಷವನ್ನು ಕೈಗೆತ್ತಿಕೊಂಡರು. ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಅದನ್ನು ಬಿಡಲಿಲ್ಲ. ಅವರ ಪ್ರಯೋಗಾಲಯದಲ್ಲಿ ಮೈಕಲ್ ಮೆಕಿಂಟೋಶ್ ಎಂಬ ಎಳೆಯ ವಿದ್ಯಾರ್ಥಿ ಬೇರ್ಪಡಿಸಿದ 25 ಅಮೈನೋ ಆಮ್ಲಗಳ ಪೆಪ್ಟೈಡ್ ಇವತ್ತು ಜಿಕೊನೊಟೈಡ್ ಎಂಬ ನೋವಿನ ಔಷಧ. ಡಿಸೆಂಬರ್ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಾರ್ಫಿನ್ ಕೂಡ ಸಾಕಾಗದ ನೋವಿಗೆ ಇದನ್ನು ಬಳಸುತ್ತಾರೆ. ಮಾರ್ಫಿನ್ ಹಾಗೆ ಚಟ ಹಿಡಿಸುವುದಿಲ್ಲ. ನೋವಿನ ಸುದ್ದಿಯನ್ನು ಬೆನ್ನುಹುರಿಗೆ ದಾಟಿಸುವ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲುಗಳಿವೆ. ಅದರಲ್ಲೂ ಒಂದೇ ಬಗೆಯ ಬಾಗಿಲನ್ನು ಇದು ಮುಚ್ಚುತ್ತದೆ. ಅಷ್ಟು ನಿಖರ.

ನಮ್ಮಲ್ಲೂ ಈ ಬಸವನಹುಳುಗಳ ಮೇಲೆ ಕೆಲಸ ನಡೆದಿದೆ. ಭಾರತದ ಕರಾವಳಿಯ ಜಾತಿಗಳ ವಿಷದಲ್ಲಿರುವ ಪೆಪ್ಟೈಡ್‌ಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಅವರ ತಂಡ ಬಿಡಿಸಿ ಓದಿದೆ.

ಆದರೆ ಈ ಔಷಧ ಕೊಡುವ ಬಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನುಂಗುವ ಹಾಗಿಲ್ಲ, ಹೊಟ್ಟೆ ಅರಗಿಸುತ್ತದೆ. ರಕ್ತನಾಳಕ್ಕೆ ಚುಚ್ಚುವ ಹಾಗಿಲ್ಲ, ರಕ್ತದಿಂದ ಮಿದುಳಿಗೆ, ಬೆನ್ನುಹುರಿಗೆ ಅದು ದಾಟುವುದಿಲ್ಲ. ದಾಟದೆ ರಕ್ತದಲ್ಲೇ ಉಳಿದರೆ ಬಿಪಿ ಇಳಿಸುತ್ತದೆ. ಹಾಗಾಗಿ ಹೊಟ್ಟೆಯ ಚರ್ಮದಡಿ ಒಂದು ಪಂಪ್ ಕೂರಿಸಿ, ಅಲ್ಲಿಂದ ಸಣ್ಣ ನಳಿಕೆ ಎಳೆದು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹನಿಹನಿಯಾಗಿ ಬಿಡಬೇಕು. ತಲೆಸುತ್ತು, ಗೊಂದಲ, ಇಲ್ಲದ್ದು ಕಾಣಿಸುವುದು ಇಂಥ ಅಡ್ಡಪರಿಣಾಮಗಳೂ ಇವೆ. ಅದ್ಭುತವಾದ ಔಷಧ, ಆದರೆ ಅದು ತಲುಪಿರುವ ಜನ ಬಹಳ ಕಡಿಮೆ. ನನಗೆ ಇದು ತುಂಬ ಬೇಸರ ತರುವ ಸಂಗತಿ. ಕ್ಯಾನ್ಸರಿನ ಕೊನೆಯ ಹಂತದ ನೋವು ನೋಡಿದವರಿಗೆ ಆ ಬೇಸರ ಅರ್ಥವಾಗುತ್ತದೆ.

ಇದನ್ನು ಬೇರೆ ದಾರಿಯಲ್ಲಿ ಕೊಡಲು ಸಾಧ್ಯವೇ ಎಂದು ಅಮೆರಿಕದ ತಂಡವೊಂದು 2015ರಲ್ಲಿ ಪರೀಕ್ಷಿಸಿತು. ಪಿ22 ಎಂಬ ವೈರಸ್ ಇದೆ. ಬ್ಯಾಕ್ಟೀರಿಯಾಗೆ ಮಾತ್ರ ಸೋಂಕು ತಗಲಿಸುತ್ತದೆ. ಅದರ ಒಳಗಿನದನ್ನೆಲ್ಲ ಬಿಟ್ಟು ಬರೀ ಚಿಪ್ಪನ್ನು ತಯಾರಿಸಿ, ಒಳಗೆ ಜಿಕೊನೊಟೈಡ್ ತುಂಬಿದರು. ಹೊರಗೆ ಜೀವಕೋಶದೊಳಗೆ ನುಸುಳಲು ನೆರವಾಗುವ ಇನ್ನೊಂದು ಪೆಪ್ಟೈಡನ್ನು ಅಂಟಿಸಿದರು. ಮಿದುಳಿನ ರಕ್ತನಾಳದ ಗೋಡೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅದರ ಮೇಲೆ ಬಿಟ್ಟಾಗ ಚಿಪ್ಪು ಸರಕಿನ ಸಮೇತ ಆಚೆ ದಾಟಿತು. ರೋಗಿಗೆ ತಲುಪಲು ಇನ್ನೂ ಬಹಳ ದೂರವಿದೆ. ಆದರೆ ದಾರಿ ಇದೆ ಎಂದು ತೋರಿತು.

ಇನ್ನೊಂದು ಕಥೆ ಸಕ್ಕರೆ ಕಾಯಿಲೆಯದು. ಊಟ ಆದ ಮೇಲೆ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೊರಡುತ್ತದೆ. ಇನ್ಸುಲಿನ್ ಬಿಡುಗಡೆ ಮಾಡು ಎಂದು ಮೇದೋಜೀರಕ ಗ್ರಂಥಿಗೆ ಹೇಳುತ್ತದೆ. ಆದರೆ ರಕ್ತದಲ್ಲಿ ಅದು ಎರಡು ನಿಮಿಷದಲ್ಲಿ ಅರ್ಧಕ್ಕರ್ಧ ಒಡೆದುಹೋಗುತ್ತದೆ. ಔಷಧವಾಗಿ ಕೊಟ್ಟು ಪ್ರಯೋಜನವಿಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಜಾನ್ ಎಂಗ್ 1992ರಲ್ಲಿ ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ವಿಷದ ಹಲ್ಲಿಯಲ್ಲಿ ಇದನ್ನೇ ಅರ್ಧದಷ್ಟು ಹೋಲುವ, ಆದರೆ ಬೇಗ ಒಡೆಯದ ಪೆಪ್ಟೈಡ್ ಒಂದನ್ನು ಪತ್ತೆಮಾಡಿದರು. ಅದೇ 2005ರಲ್ಲಿ ಎಕ್ಸೆನಟೈಡ್ ಎಂಬ ಔಷಧವಾಯಿತು. ಆಗ ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳಬೇಕಿತ್ತು. 2012ರಲ್ಲಿ ವಾರಕ್ಕೊಂದೇ ಇಂಜೆಕ್ಷನ್ ಬಂತು. ಒಳಗಿನ ಔಷಧ ಅದೇ, ಹೊದಿಕೆ ಮಾತ್ರ ಹೊಸದು. ಆಪರೇಷನ್ ಆದ ಮೇಲೆ ತಾನೇ ಕರಗುವ ಹೊಲಿಗೆ ದಾರ ಇರುತ್ತದಲ್ಲ, ಆ ಜಾತಿಯ ಪಾಲಿಮರ್‌ನ ಸೂಕ್ಷ್ಮ ಗುಂಡುಗಳಲ್ಲಿ ಪೆಪ್ಟೈಡನ್ನು ಹುದುಗಿಸಿಟ್ಟರು. ಗುಂಡು ಮೆಲ್ಲಗೆ ಕರಗಿದಂತೆ ಔಷಧ ಮೆಲ್ಲಗೆ ಹೊರಬರುತ್ತದೆ. ಆ ಗುಂಡುಗಳು ನ್ಯಾನೋ ಅಲ್ಲ, ಅದಕ್ಕಿಂತ ದೊಡ್ಡವು. ಆದರೂ ಹೊದಿಕೆ ಬದಲಿಸಿದರೆ ಔಷಧವೇ ಬದಲಾದಂತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಈ ಹಲ್ಲಿಯ ವಿಷದಿಂದ ಬಂದಿದ್ದು ಎಂದು ಮೊಬೈಲಿನಲ್ಲಿ ಓಡಾಡುತ್ತದೆ. ಅದು ಸರಿಯಲ್ಲ. ಸೆಮಾಗ್ಲುಟೈಡ್ ಮನುಷ್ಯರ ಜಿಎಲ್‌ಪಿ-1 ಅನ್ನೇ ತಿದ್ದಿ ಮಾಡಿದ್ದು. ಆದರೆ ಈ ಬಗೆಯ ಔಷಧ ಜನರಲ್ಲಿ ಕೆಲಸ ಮಾಡುತ್ತದೆ ಎಂದು ಮೊದಲು ತೋರಿಸಿದ್ದು ಹಲ್ಲಿಯ ಪೆಪ್ಟೈಡೇ.

ನ್ಯಾನೋ ಅಂದರೆ ಎಷ್ಟು ಸಣ್ಣದು

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್. ಔಷಧ ಹೊರುವ ನ್ಯಾನೋ ಕಣಗಳು ಸಾಮಾನ್ಯವಾಗಿ 10ರಿಂದ 200 ನ್ಯಾನೋಮೀಟರ್ ಒಳಗೆ ಇರುತ್ತವೆ. ಈ ಅಳತೆಗೆ ಅರ್ಥವಿದೆ. ಐದಾರು ನ್ಯಾನೋಮೀಟರ್‌ಗಿಂತ ಸಣ್ಣದಿದ್ದರೆ ಕಿಡ್ನಿ ಸೋಸಿ ಮೂತ್ರಕ್ಕೆ ಬಿಡುತ್ತದೆ. ವಿಷದ ಪೆಪ್ಟೈಡ್‌ಗಳಿಗೆ ಆಗುವ ಗತಿ ಇದೇ. ತೀರ ದೊಡ್ಡದಾದರೆ ದೇಹದ ಕಾವಲು ಕೋಶಗಳು ಬೇಗ ಗುರುತಿಸಿ ನುಂಗುತ್ತವೆ.

ಕಣದ ಒಳಗೆ ಔಷಧ ಇಡಬಹುದು, ಅಥವಾ ಮೈಮೇಲೆ ಅಂಟಿಸಬಹುದು. ಹೊರಗೆ ಪಾಲಿಥಿಲೀನ್ ಗ್ಲೈಕಾಲ್‌ನಂಥ ಎಳೆಗಳನ್ನು ನೆಟ್ಟರೆ ಕಾವಲು ಕೋಶಗಳ ಕಣ್ಣಿಗೆ ಕೂಡಲೇ ಬೀಳುವುದಿಲ್ಲ. ಜತೆಗೆ ಕ್ಯಾನ್ಸರ್ ಕೋಶಕ್ಕೆ ಮಾತ್ರ ಅಂಟುವ ಅಣುವನ್ನು ಜೋಡಿಸಿದರೆ ಕಣಕ್ಕೊಂದು ವಿಳಾಸ ಸಿಕ್ಕಂತಾಗುತ್ತದೆ.

ಇದು ಕಾಗದದ ಮೇಲಿನ ಮಾತಲ್ಲ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೊಬ್ಬಿನ ನ್ಯಾನೋ ಗುಳ್ಳೆಯಲ್ಲಿ ತುಂಬಿ ಕೊಡುವುದಕ್ಕೆ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದರಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು. ಅಮೆರಿಕದಲ್ಲಿರುವ ನಮ್ಮ ನೆಂಟರು ಕೋವಿಡ್ ಕಾಲದಲ್ಲಿ ಹಾಕಿಸಿಕೊಂಡ ಫೈಜರ್, ಮೊಡೆರ್ನಾ ಲಸಿಕೆಗಳೂ ಕೊಬ್ಬಿನ ನ್ಯಾನೋ ಕಣಗಳಲ್ಲೇ ಬಂದವು.

ಜೇನಿನ ವಿಷ, ಕ್ಯಾನ್ಸರ್ ಮತ್ತು ಒಂದು ಎಚ್ಚರಿಕೆ

ಜೇನುನೊಣ ಕಚ್ಚಿದಾಗ ಉರಿಯುವುದಕ್ಕೆ ಮುಖ್ಯ ಕಾರಣ ಮೆಲಿಟಿನ್. 26 ಅಮೈನೋ ಆಮ್ಲಗಳ ಪೆಪ್ಟೈಡ್. ಒಣಗಿಸಿದ ಜೇನುವಿಷದ ತೂಕದಲ್ಲಿ ಅರ್ಧದಷ್ಟು ಇದೇ ಇರುತ್ತದೆ. ಇದರ ಕೆಲಸ ಸರಳ, ಆದರೆ ಭಯಂಕರ. ಜೀವಕೋಶದ ಪೊರೆಯೊಳಗೆ ಹೊಕ್ಕು, ನಾಲ್ಕಾರು ಅಣುಗಳು ಸೇರಿ ತೂತು ಕೊರೆಯುತ್ತವೆ. ಕೋಶದೊಳಗಿನದು ಸೋರಿ ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳೂ ಸಾಯುತ್ತವೆ. ಕಷ್ಟವೇನೆಂದರೆ ಮೆಲಿಟಿನ್‌ಗೆ ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದ ಇಲ್ಲ. ಹಾಗೇ ರಕ್ತಕ್ಕೆ ಬಿಟ್ಟರೆ ಮೊದಲು ಒಡೆಯುವುದು ಕೆಂಪು ರಕ್ತಕಣಗಳು.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಯಾಮುಯೆಲ್ ವಿಕ್ಲೈನ್, ಪಾಲ್ ಶ್ಲೆಸಿಂಜರ್ ಮತ್ತು ಸಂಗಡಿಗರು ಇದಕ್ಕೆ ಒಂದು ಉಪಾಯ ಮಾಡಿದರು. ಪರ್‌ಫ್ಲೋರೊಕಾರ್ಬನ್ ಎಂಬ ಎಣ್ಣೆಯಂಥ ದ್ರವವಿದೆ. ಕೃತಕ ರಕ್ತ ತಯಾರಿಸುವ ಪ್ರಯತ್ನಗಳಲ್ಲಿ ಬಳಸಿದ್ದು. ಅದರ ನ್ಯಾನೋ ಹನಿಗಳ ಸುತ್ತ ಕೊಬ್ಬಿನ ತೆಳು ಪದರ ಹೊದಿಸಿದರು. ಮೆಲಿಟಿನ್‌ಗೆ ಕೊಬ್ಬಿನ ಪದರ ಕಂಡರೆ ಒಳಹೊಕ್ಕುವ ಸ್ವಭಾವ. ಇಲ್ಲೂ ಹೊಕ್ಕು ಕೂತುಬಿಟ್ಟಿತು. ಆ ಪದರದಲ್ಲೇ ಅದು ಕಟ್ಟುಬಿದ್ದಿರುವುದರಿಂದ ದಾರಿಯಲ್ಲಿ ಸಿಗುವ ರಕ್ತಕಣಗಳು ಬಚಾವ್. ಗಡ್ಡೆಯ ಸುತ್ತ ಹೊಸದಾಗಿ ಹುಟ್ಟುವ ರಕ್ತನಾಳಗಳ ಮೇಲೆ ವಿಶೇಷ ಗುರುತೊಂದಿರುತ್ತದೆ. ಅದಕ್ಕೆ ಅಂಟುವ ಅಣುವನ್ನೂ ಕಣಕ್ಕೆ ಜೋಡಿಸಬಹುದು. ಗುರಿಯ ಕೋಶ ಸಿಕ್ಕಾಗ ಕಣದ ಪದರ ಕೋಶದ ಪೊರೆಯ ಜತೆ ಬೆರೆಯುತ್ತದೆ. ಮೆಲಿಟಿನ್ ಆ ಕಡೆಗೆ ಜಾರುತ್ತದೆ. ಇವಕ್ಕೆ ‘ನ್ಯಾನೋಬೀ’ ಎಂದು ಹೆಸರಿಟ್ಟರು.

2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಕೊಡದ ಇಲಿಗಳಿಗೆ ಹೋಲಿಸಿದರೆ, ನ್ಯಾನೋಬೀ ಕೊಟ್ಟ ಇಲಿಗಳಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಗಡ್ಡೆ ಶೇ 88ರಷ್ಟು ಚಿಕ್ಕದಾಗಿತ್ತು. ಸ್ತನ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆ ಸುಮಾರು ಶೇ 25ರಷ್ಟು ಕುಗ್ಗಿತ್ತು. ಎರಡು ಸಂಖ್ಯೆಗಳ ನಡುವಿನ ಅಂತರ ಗಮನಿಸಿ. ಒಂದೇ ಕಣ, ಒಂದೇ ವಿಷ, ಆದರೆ ಎರಡು ಗಡ್ಡೆಗಳಲ್ಲಿ ಫಲ ಇಷ್ಟು ಬೇರೆ. ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ ಎಂಬುದು ಇಲಿಯಲ್ಲೂ ಕಾಣುತ್ತದೆ.

2013ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ ಈ ಕಣವನ್ನು ಎಚ್‌ಐವಿ ಮೇಲೆ ಬಿಟ್ಟಿತು. ಇಲ್ಲಿನ ಉಪಾಯ ನನಗೆ ಬಹಳ ಇಷ್ಟ. ಕಣದ ಮೈಮೇಲೆ ಚಾಚಿಕೊಂಡ ತಡೆಗಳನ್ನು ಕೂರಿಸಿದರು. ನಮ್ಮ ಕೋಶಗಳು ದೊಡ್ಡವು. ತಡೆಗೆ ತಾಗಿ ಪುಟಿದು ಹೋಗುತ್ತವೆ. ಎಚ್‌ಐವಿ ಬಹಳ ಸಣ್ಣದು. ತಡೆಗಳ ಸಂದಿಯಲ್ಲಿ ನುಸುಳಿ ಕಣದ ಮೈಗೇ ತಾಗುತ್ತದೆ. ಅಲ್ಲಿ ಮೆಲಿಟಿನ್ ಕಾದಿರುತ್ತದೆ. ವೈರಸ್ಸಿನ ಕೊಬ್ಬಿನ ಹೊದಿಕೆ ಹರಿದುಹೋಗುತ್ತದೆ. ಸೋಂಕು ತಡೆಯುವ ಜೆಲ್ ಮಾಡಬಹುದು ಎಂಬ ಆಸೆಯಿಂದ ನಡೆದ ಈ ಕೆಲಸವೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ. ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದ ದೀಪಂಜನ್ ಪಾನ್ ಹಾವು, ಜೇನು, ಚೇಳುಗಳ ವಿಷದ ಅಣುಗಳನ್ನು ನ್ಯಾನೋ ಕಣಗಳಲ್ಲಿ ಬಚ್ಚಿಟ್ಟು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದನ್ನು ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಮಂಡಿಸಿದರು.

ಎಚ್ಚರಿಕೆಯ ಮಾತು ಈಗ. 2020ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಒಂದು ಅಧ್ಯಯನ ಬಂತು. ಜೇನುವಿಷ ಕೆಲವು ಬಗೆಯ ಸ್ತನ ಕ್ಯಾನ್ಸರ್ ಕೋಶಗಳನ್ನು ಒಂದು ಗಂಟೆಯೊಳಗೆ ಕೊಲ್ಲುತ್ತದೆ ಎಂಬುದು ಸುದ್ದಿ. ಅಧ್ಯಯನ ಒಳ್ಳೆಯದೇ. ಆದರೆ ಆ ಕೋಶಗಳು ತಟ್ಟೆಯಲ್ಲಿದ್ದವು. ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ಅದು ‘ಜೇನು ಕಚ್ಚಿಸಿಕೊಂಡರೆ ಕ್ಯಾನ್ಸರ್ ವಾಸಿ’ ಎಂದಾಗಿತ್ತು. ದಯವಿಟ್ಟು ಹಾಗೆ ಮಾಡಬೇಡಿ, ನಿಮ್ಮವರಿಗೆ ಮಾಡಲು ಬಿಡಬೇಡಿ. ಜೇನು ಕಚ್ಚಿದಾಗ ಗಡ್ಡೆಗೆ ತಲುಪುವ ಮೆಲಿಟಿನ್ ಲೆಕ್ಕಕ್ಕೇ ಇಲ್ಲ. ಅಲರ್ಜಿ ಇದ್ದವರಿಗೆ ಮಾತ್ರ ಒಂದೇ ಕಡಿತ ಜೀವಕ್ಕೆ ಕುತ್ತಾಗಬಹುದು. ಎರಡು ವರ್ಷದಿಂದ ಜೇನು ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದ ಸ್ಪೇನ್‌ನ ಮಹಿಳೆಯೊಬ್ಬರು ಒಂದು ಕಡಿತದ ಅಲರ್ಜಿಯಿಂದ ತೀರಿಕೊಂಡ ವರದಿ 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಜೇನುವಿಷವನ್ನು ಕಣದೊಳಗೆ ಕಟ್ಟಿಹಾಕಲು ವಿಜ್ಞಾನಿಗಳು ಇಷ್ಟು ಒದ್ದಾಡುತ್ತಿರುವುದೇ ಅದು ಹಾಗೇ ಬಿಟ್ಟರೆ ಅಪಾಯ ಎಂಬ ಕಾರಣಕ್ಕೆ.

ಚೇಳು ತೋರಿಸುವ ಗಡ್ಡೆ

ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಮರಳುಗಾಡಿನಲ್ಲಿರುವ ಒಂದು ಹಳದಿ ಚೇಳಿನ ವಿಷದಲ್ಲಿ ಕ್ಲೋರೊಟಾಕ್ಸಿನ್ ಇದೆ. 36 ಅಮೈನೋ ಆಮ್ಲ, ನಾಲ್ಕು ಗಂಧಕದ ಬೆಸುಗೆಗಳು. ಆ ಬೆಸುಗೆಗಳಿಂದಾಗಿ ತುಂಬ ಗಟ್ಟಿ. ಗ್ಲಿಯೋಮಾ ಎಂಬ ಮಿದುಳಿನ ಕ್ಯಾನ್ಸರಿನ ಕೋಶಗಳಿಗೆ ಇದು ಅಂಟುತ್ತದೆ, ಪಕ್ಕದ ಒಳ್ಳೆಯ ಕೋಶಗಳಿಗೆ ಅಷ್ಟಾಗಿ ಅಂಟುವುದಿಲ್ಲ. ಇಲ್ಲಿ ವಿಷದ ಕೆಲಸ ಕೊಲ್ಲುವುದಲ್ಲ, ದಾರಿ ತೋರಿಸುವುದು.

ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಿಕಿನ್ ಜಾಂಗ್ ಅವರ ತಂಡ ಕಬ್ಬಿಣದ ಆಕ್ಸೈಡ್‌ನ ನ್ಯಾನೋ ಕಣಗಳ ಮೇಲೆ ಕ್ಲೋರೊಟಾಕ್ಸಿನ್ ಕೂರಿಸಿತು. ಕಬ್ಬಿಣ ಇರುವುದರಿಂದ ಎಂಆರ್‌ಐ ಸ್ಕ್ಯಾನಿನಲ್ಲಿ ಕಾಣುತ್ತದೆ. ಇಲಿಗಳಿಗೆ ಕೊಟ್ಟಾಗ ಈ ಕಣಗಳು ರಕ್ತದಿಂದ ಮಿದುಳಿಗೆ ದಾಟಿ ಗಡ್ಡೆಯಲ್ಲಿ ನೆಲೆಯಾದವು ಎಂದು 2009ರಲ್ಲಿ ವರದಿ ಮಾಡಿದರು. ಅದೇ ಊರಿನ ಮಕ್ಕಳ ಕ್ಯಾನ್ಸರ್ ತಜ್ಞ ಜಿಮ್ ಓಲ್ಸನ್ ಕ್ಲೋರೊಟಾಕ್ಸಿನ್‌ಗೆ ಹೊಳೆಯುವ ಬಣ್ಣ ಕಟ್ಟಿ ‘ಟ್ಯೂಮರ್ ಪೇಂಟ್’ ಮಾಡಿದರು. ಆಪರೇಷನ್ ವೇಳೆ ವಿಶೇಷ ಕ್ಯಾಮೆರಾದಲ್ಲಿ ಗಡ್ಡೆ ಎಲ್ಲಿ ಮುಗಿಯುತ್ತದೆ, ಒಳ್ಳೆಯ ಮಿದುಳು ಎಲ್ಲಿ ಶುರುವಾಗುತ್ತದೆ ಎಂದು ನೋಡಬಹುದು. ಮಗುವಿನ ಮಿದುಳಿನಲ್ಲಿ ಒಂದು ಗೆರೆ ಹೆಚ್ಚು ಕತ್ತರಿಸಿದರೂ ನಷ್ಟ, ಕಡಿಮೆ ಕತ್ತರಿಸಿದರೂ ನಷ್ಟ. ಇದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೂ ಬಂದಿದೆ.

ಯಾಕೆ ಇನ್ನೂ ಅಂಗಡಿಗೆ ಬಂದಿಲ್ಲ

ವಿಷದಿಂದ ಹುಟ್ಟಿ ಒಪ್ಪಿಗೆ ಪಡೆದ ಔಷಧಗಳು ಹತ್ತು ಹನ್ನೆರಡರ ಆಸುಪಾಸಿನಲ್ಲಿವೆ. ಮೇಲೆ ಹೇಳಿದ ನ್ಯಾನೋಬೀ, ಚೇಳಿನ ಕಬ್ಬಿಣದ ಕಣಗಳು ಅವುಗಳಲ್ಲಿಲ್ಲ. ಇದಕ್ಕೆ ದೊಡ್ಡ ಕಾರಣ ಲಿವರ್ ಮತ್ತು ಗುಲ್ಮ. ರಕ್ತದಲ್ಲಿ ಓಡಾಡುವ ಪರಕೀಯ ಕಣಗಳನ್ನು ಹಿಡಿದು ನುಂಗುವುದೇ ಅವುಗಳ ಕೆಲಸ. ಟೊರಾಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಕಲೆಹಾಕಿ 2016ರಲ್ಲಿ ಒಂದು ಲೆಕ್ಕ ಕೊಟ್ಟಿತು. ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪುವುದು ಸಾಮಾನ್ಯವಾಗಿ ಶೇ 0.7 ಮಾತ್ರ. ಈ ಸಂಖ್ಯೆ ಆ ಕ್ಷೇತ್ರದವರನ್ನೇ ಬೆಚ್ಚಿಬೀಳಿಸಿತು. ವಿಳಾಸ ಬರೆದು ಕಳಿಸಿದ್ದು ಸರಿ, ಆದರೆ ಬಹುಪಾಲು ದಾರಿಯಲ್ಲೇ ಉಳಿಯುತ್ತದೆ. ಒಳಗಿರುವುದು ವಿಷವಾದರೆ ದಾರಿಯಲ್ಲಿ ಉಳಿದಿದ್ದರ ಬಗ್ಗೆ ಇನ್ನೂ ಜಾಸ್ತಿ ಯೋಚಿಸಬೇಕು.

ಬೇರೆ ತೊಡಕುಗಳೂ ಇವೆ. ಪ್ರತಿ ಬ್ಯಾಚಿನ ಕಣವೂ ಒಂದೇ ಅಳತೆಯಲ್ಲಿ ಬರಬೇಕು. ದೇಹ ಆ ಪೆಪ್ಟೈಡ್ ವಿರುದ್ಧ ಪ್ರತಿಕಾಯ (ಹೊರಗಿನ ವಸ್ತುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್) ಬೆಳೆಸಿಕೊಳ್ಳಬಾರದು. ಖರ್ಚು ತಡೆಯುವಂತಿರಬೇಕು. ಹಾವುಗಳ ಕೊರತೆ ಮಾತ್ರ ತೊಡಕೇ ಅಲ್ಲ. ಅಣುವಿನ ರಚನೆ ಒಮ್ಮೆ ಗೊತ್ತಾದರೆ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಕ್ಯಾಪ್ಟೊಪ್ರಿಲ್‌ಗೂ ಜಿಕೊನೊಟೈಡ್‌ಗೂ ಇವತ್ತು ಯಾವ ಪ್ರಾಣಿಯೂ ಬೇಕಿಲ್ಲ. ಹಾವಿನ ವಿಷಕ್ಕೆ ಔಷಧ ಕಂಪನಿಗಳು ಕೋಟಿ ಕೊಡುತ್ತವೆ ಎಂದು ನಂಬಿ ಹಾವು ಹಿಡಿಯುವವರು ಕಾನೂನಿನ ಕೈಗೆ ಸಿಕ್ಕಿಬೀಳುತ್ತಾರೆ, ಹಾವೂ ಸಾಯುತ್ತದೆ.

ವಿಷ ಹೀರುವ ಕಣ

ಇದುವರೆಗೆ ಹೇಳಿದ್ದು ಕಣದಲ್ಲಿ ವಿಷ ತುಂಬುವ ಮಾತು. ಅದನ್ನೇ ತಿರುಗಿಸಿ, ದೇಹದಲ್ಲಿರುವ ವಿಷವನ್ನು ಕಣ ಹೀರಿಕೊಳ್ಳುವಂತೆ ಮಾಡಬಹುದೇ? ನಮ್ಮ ದೇಶಕ್ಕೆ ಹೆಚ್ಚು ಬೇಕಾಗಿರುವುದು ಇದು. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಿಯಾಂಗ್‌ಫಾಂಗ್ ಜಾಂಗ್ ಅವರ ತಂಡ 2013ರಲ್ಲಿ ‘ನ್ಯಾನೋಸ್ಪಂಜ್’ ತೋರಿಸಿತು. ಸುಮಾರು 85 ನ್ಯಾನೋಮೀಟರಿನ ಪಾಲಿಮರ್ ಕಣಕ್ಕೆ ನಿಜವಾದ ಕೆಂಪು ರಕ್ತಕಣದ ಪೊರೆಯನ್ನೇ ಹೊದಿಸಿದರು. ತೂತು ಕೊರೆಯುವ ವಿಷಗಳು ಇದನ್ನೇ ರಕ್ತಕಣವೆಂದು ತಿಳಿದು ಒಳಹೊಕ್ಕು ಸಿಕ್ಕಿಬೀಳುತ್ತವೆ. ಲಿವರ್ ಆ ಕಣವನ್ನು ನುಂಗಿ ಅರಗಿಸುತ್ತದೆ. ಔಷಧ ಸಾಗಿಸುವವರಿಗೆ ಅಡ್ಡಿಯಾಗಿದ್ದ ಲಿವರ್ ಇಲ್ಲಿ ನೆರವಿಗೇ ಬರುತ್ತದೆ. ಬ್ಯಾಕ್ಟೀರಿಯಾದ ವಿಷವನ್ನು ಸಾಯುವಷ್ಟು ಕೊಟ್ಟ ಇಲಿಗಳಲ್ಲಿ, ಮೊದಲೇ ಸ್ಪಂಜ್ ಕೊಟ್ಟಿದ್ದವುಗಳಲ್ಲಿ ಶೇ 89, ಆಮೇಲೆ ಕೊಟ್ಟವುಗಳಲ್ಲಿ ಶೇ 44 ಬದುಕಿದವು. ಮೆಲಿಟಿನ್ ಅನ್ನೂ ಇದು ಹೀರಿತು.

ಹಾವಿನ ವಿಷಕ್ಕೆ ಹತ್ತಿರದ ಕೆಲಸ ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಶೇ ಅವರದು. ನಾಗರಹಾವಿನ ಜಾತಿಯ ಆಫ್ರಿಕಾದ ಉಗುಳುವ ಹಾವೊಂದರ ವಿಷವನ್ನು ಅವರ ಪಾಲಿಮರ್ ನ್ಯಾನೋ ಕಣಗಳು ಹಿಡಿದಿಟ್ಟು, ಇಲಿಗಳಲ್ಲಿ ಚರ್ಮ ಕೊಳೆಯುವುದನ್ನು ಕಡಿಮೆ ಮಾಡಿದವು ಎಂದು 2018ರಲ್ಲಿ ವರದಿಯಾಯಿತು. ಇದು ಯಾಕೆ ಮುಖ್ಯ ಎಂದರೆ, ಆಸ್ಪತ್ರೆಯಲ್ಲಿ ಕೊಡುವ ಆಂಟಿವೆನಮ್ ಜೀವ ಉಳಿಸುತ್ತದೆ, ಆದರೆ ಕಚ್ಚಿದ ಜಾಗದ ಮಾಂಸವನ್ನು ಅಷ್ಟಾಗಿ ಉಳಿಸಲಾರದು. ಕುದುರೆಯಲ್ಲಿ ತಯಾರಾದ ಆ ಪ್ರತಿಕಾಯಗಳು ರಕ್ತನಾಳದ ಮೂಲಕ ಹೋಗಿ ಊದಿಕೊಂಡ ಕಾಲಿಗೆ ತಲುಪುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಬದುಕಿ ಬಂದೂ ಬೆರಳು, ಕಾಲು ಕಳೆದುಕೊಂಡ ರೈತರಿದ್ದಾರೆ. ಕಚ್ಚಿದ ಜಾಗದಲ್ಲೇ ಕೊಡಬಹುದಾದ, ಫ್ರಿಜ್ ಇಲ್ಲದೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಡಬಹುದಾದ ಕಣ ಬಂದರೆ ಆ ನಷ್ಟ ತಪ್ಪಬಹುದು. ಆಂಟಿವೆನಮ್ ಬದಲಿಗೆ ಅಲ್ಲ, ಅದರ ಜತೆಗೆ. ಅಲ್ಲಿಯವರೆಗೆ ಹಾವು ಕಡಿದರೆ ಮಾಡಬೇಕಾದ್ದು ಒಂದೇ: ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಆಂಟಿವೆನಮ್ಮನ್ನೇ ಸುಧಾರಿಸುವ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಿದೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಹಾವಿನ ವಿಷದ ಅಧ್ಯಯನಕ್ಕೆ ದಶಕಗಳ ಇತಿಹಾಸವಿದೆ. ಸಿಂಗಪುರದಲ್ಲಿ ವಿಷದ ಪ್ರೋಟೀನುಗಳ ಸಂಶೋಧನೆಗೆ ಹೆಸರಾದ ಆರ್. ಮಂಜುನಾಥ ಕಿಣಿ ಪಿಎಚ್‌ಡಿ ಮಾಡಿದ್ದು ಮೈಸೂರಿನಲ್ಲೇ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಜತೆ ಸೇರಿ ಒಂದು ಪ್ರತಿಕಾಯವನ್ನು ಪ್ರಕಟಿಸಿತು. ಕುದುರೆಯ ನೆರವಿಲ್ಲದೆ ಪ್ರಯೋಗಾಲಯದಲ್ಲಿ ರೂಪಿಸಿದ್ದು. ನಾಗರಹಾವು, ಕಟ್ಟುಹಾವು, ಕಾಳಿಂಗ, ಆಫ್ರಿಕಾದ ಮಾಂಬಾ ಇವುಗಳ ಕುಟುಂಬದ ಹಾವುಗಳ ಒಂದು ಮುಖ್ಯ ನರವಿಷಕ್ಕೆ ಅದು ಅಡ್ಡ ನಿಲ್ಲುತ್ತದೆ. ಇಲಿಗಳಲ್ಲಿ ವಿಷ ಸೇರಿ 20 ನಿಮಿಷ ಆದ ಮೇಲೆ ಕೊಟ್ಟಾಗಲೂ ಕೆಲಸ ಮಾಡಿತು. ಆದರೆ ಮಂಡಲದ ಹಾವುಗಳ ವಿಷದಲ್ಲಿ ಕೆಲಸ ಮಾಡುವ ಪ್ರೋಟೀನುಗಳೇ ಬೇರೆ. ಕೊಳಕು ಮಂಡಲ, ಗರಗಸ ಮಂಡಲಗಳಿಗೆ ಇಂಥದೇ ಪ್ರತಿಕಾಯಗಳನ್ನು ಹುಡುಕುವ ಕೆಲಸ ಬಾಕಿ ಇದೆ.